ಬೆಳೆಯುವ ಮಂಗಳೂರಿನಲ್ಲಿ ಇಗರ್ಜಿಯ ಕಟ್ಟಡ ಮತ್ತು ಧರ್ಮಗುರುವಿನ ಸ್ಥಾನ

ಕರಾವಳಿಯ ಕಥೋಲಿಕರು ಪರಸ್ಪರ ಭೇಟಿಯಾದಾಗ ಮೊದಲು ಕೇಳುವ ಪ್ರಶ್ನೆ "ನಿಮ್ಮದು ಯಾವ ಇಗರ್ಜಿ?" ಎಂಬುದು. ಊರು, ಮನೆತನ, ಬಂಧುಬಳಗ ಎಲ್ಲವೂ ಆ ಒಂದು ಉತ್ತರದಿಂದ ತಿಳಿಯುತ್ತದೆ. ಎರಡನೆಯ ಪ್ರಶ್ನೆ ಸಾಮಾನ್ಯವಾಗಿ "ಈಗ ಅಲ್ಲಿ ವಿಗಾರರು ಯಾರು?" ಎಂಬುದು. ಇಗರ್ಜಿಯ ಕಟ್ಟಡ ಮತ್ತು ಅಲ್ಲಿನ ಧರ್ಮಗುರು, ಈ ಎರಡನ್ನೂ ನಮ್ಮ ಜನ ಒಟ್ಟಿಗೇ ನೆನೆಯುತ್ತಾರೆ.

ಮಂಗಳೂರು ನಗರ ಬೆಳೆದಂತೆ ಎರಡೂ ಬದಲಾಗಿವೆ. ಹಂಚಿನ ಮಾಡಿನ ಎಷ್ಟೋ ಇಗರ್ಜಿಗಳ ಜಾಗದಲ್ಲಿ ಕಾಂಕ್ರೀಟಿನ ವಿಶಾಲ ದೇವಾಲಯಗಳು ಎದ್ದು ನಿಂತಿವೆ. ಹಾಗೆಯೇ "ಈಗಿನವರಿಗೆ ಗುರುಗಳ ಮೇಲೆ ಮೊದಲಿನ ಗೌರವವಿಲ್ಲ" ಎಂಬ ಮಾತು ಹಿರಿಯರಿಂದಲೂ, "ಲೆಕ್ಕ ಕೇಳಿದರೆ ಅದನ್ನೇ ಅಗೌರವ ಎನ್ನುತ್ತಾರೆ" ಎಂಬ ಮಾತು ಕಿರಿಯರಿಂದಲೂ ಕೇಳಿಬರುತ್ತದೆ. ಈ ಎರಡು ಬದಲಾವಣೆಗಳು ಹೇಗೆ ಒಂದಕ್ಕೊಂದು ಹೆಣೆದುಕೊಂಡು ಬಂದಿವೆ, ಕಟ್ಟಡ ಹಾಗೂ ಹಣದ ವಿಷಯದಲ್ಲಿ ಧರ್ಮಸಭೆಯ ಕಾನೂನು ಏನು ಹೇಳುತ್ತದೆ ಎಂಬುದನ್ನು ಧರ್ಮಕೇಂದ್ರದ ಸದಸ್ಯರು ಹಾಗೂ ಕಾರ್ಯಕರ್ತರ ಉಪಯೋಗಕ್ಕಾಗಿ ಇಲ್ಲಿ ನೀಡಲಾಗಿದೆ.

ಮೊದಲ ಇಗರ್ಜಿಗಳು

ಮಂಗಳೂರಿನಲ್ಲಿ ಪೋರ್ಚುಗೀಸರು ನೆಲೆಯೂರಿದ ಕಾಲದಲ್ಲಿ, 1568ರಲ್ಲಿ, ರೊಜಾರಿಯೊ ಮಾತೆಯ ಇಗರ್ಜಿ ಸ್ಥಾಪನೆಯಾಯಿತು. ಆಗ ಅದು ಮುಖ್ಯವಾಗಿ ಕೋಟೆ ಮತ್ತು ವ್ಯಾಪಾರ ಕೇಂದ್ರದವರ ಅಗತ್ಯಕ್ಕಾಗಿ ಇದ್ದ ಪ್ರಾರ್ಥನಾಲಯ. ಗೋವೆಯಿಂದ ಕುಟುಂಬಗಳು ವಲಸೆ ಬಂದು ಬೇಸಾಯಕ್ಕೆ ನಿಂತ ಮೇಲೆ ಇಗರ್ಜಿಯ ಸುತ್ತ ಊರು ಬೆಳೆಯಿತು.

ಕೆಳದಿ ಅರಸರೊಡನೆ 1678ರಲ್ಲಿ ಆದ ಒಪ್ಪಂದದ ಬಳಿಕ ಕಲ್ಯಾಣಪುರ ಮುಂತಾದೆಡೆ ಇಗರ್ಜಿ ಕಟ್ಟಲು ಅವಕಾಶ ದೊರೆಯಿತು. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ಆ ಕಾಲದ್ದು. ಉಡುಪಿ ಧರ್ಮಪ್ರಾಂತ್ಯ 2012ರಲ್ಲಿ ರಚನೆಯಾದಾಗ ಅದೇ ಪ್ರಧಾನಾಲಯವಾಯಿತು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು 1680ರಲ್ಲಿ ಗೋವೆ ಮೂಲದ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರು ಸ್ಥಾಪಿಸಿದರು. ಕೆಳದಿಯ ರಾಣಿ ಚೆನ್ನಮ್ಮಾಜಿ ಇದಕ್ಕೆ ಜಾಗ ನೀಡಿದರೆಂಬುದು ಪರಂಪರೆಯಿಂದ ಬಂದ ಮಾತು. ನಮ್ಮ ಇಗರ್ಜಿಗಳ ಅಡಿಪಾಯದಲ್ಲಿ ಅನ್ಯಧರ್ಮೀಯ ಅರಸರ ಔದಾರ್ಯವೂ ಇದೆ ಎಂಬುದನ್ನು ಮರೆಯಬಾರದು.

ಕಟ್ಟಡವೂ ಇಲ್ಲ, ಗುರುಗಳೂ ಇಲ್ಲದ ಕಾಲ

1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಗುರುಗಳನ್ನು ಗಡೀಪಾರು ಮಾಡಲಾಯಿತು. ನೆಲಸಮವಾದ ಇಗರ್ಜಿಗಳ ಸಂಖ್ಯೆ 27 ಎಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ರೊಜಾರಿಯೊ, ಮಿಲಾಗ್ರಿಸ್ ಎರಡೂ ನಾಶವಾದವು. 1799ರಲ್ಲಿ ಶ್ರೀರಂಗಪಟ್ಟಣ ಬ್ರಿಟಿಷರ ವಶವಾದ ಬಳಿಕವಷ್ಟೇ ಬದುಕುಳಿದವರು ಊರಿಗೆ ಮರಳಿದರು.

ಸುಮಾರು 15 ವರ್ಷ ಈ ಸಮುದಾಯಕ್ಕೆ ಇಗರ್ಜಿಯೂ ಇರಲಿಲ್ಲ, ನಿಯಮಿತವಾಗಿ ಬಲಿಪೂಜೆ ಅರ್ಪಿಸುವ ಗುರುಗಳೂ ಇರಲಿಲ್ಲ. ಆದರೂ ಮರಳಿ ಬಂದವರು ವಿಶ್ವಾಸದೊಂದಿಗೇ ಬಂದರು. ಅದನ್ನು ಉಳಿಸಿದ್ದು ಮನೆಯ ಜಪಮಾಲೆ ಮತ್ತು ತಾಯಂದಿರ ಬಾಯಿಪಾಠದ ಪ್ರಾರ್ಥನೆ. ಮರಳಿದ ಮೇಲೆ ಅವರು ಕೈಗೊಂಡ ಮೊದಲ ಕೆಲಸಗಳಲ್ಲಿ ಇಗರ್ಜಿಯ ಪುನರ್ನಿರ್ಮಾಣವೂ ಒಂದು. ಮಿಲಾಗ್ರಿಸ್ 1811ರಲ್ಲಿ, ರೊಜಾರಿಯೊ 1813ರಲ್ಲಿ ಮತ್ತೆ ಎದ್ದವು. ಕೈಬಿಟ್ಟು ಹೋದ ಹೊಲಗದ್ದೆಗಳನ್ನು ಇನ್ನೂ ಸರಿಪಡಿಸಿಕೊಳ್ಳುತ್ತಿದ್ದ ಜನ ಈ ಕೆಲಸಕ್ಕೆ ಕೈಹಾಕಿದರು. ಆದ್ದರಿಂದ ಇಗರ್ಜಿಯು "ನಮ್ಮದು" ಎಂಬ ಭಾವನೆ ಇಲ್ಲಿ ಬಹಳ ಆಳವಾದುದು. ಇಂದು ಕಟ್ಟಡದ ಬಗ್ಗೆ ನಡೆಯುವ ಬಿಸಿಬಿಸಿ ಚರ್ಚೆಗಳ ಹಿಂದೆಯೂ ಇದೇ ಭಾವನೆ ಇದೆ.

ಯಾವ ಗುರು ನಮ್ಮವರು?

ಹಿಂದಿನ ಜನ ಗುರುಗಳ ಮುಂದೆ ತಲೆಯೆತ್ತಿ ಮಾತನಾಡುತ್ತಲೇ ಇರಲಿಲ್ಲ ಎಂದು ನಾವು ಭಾವಿಸುವುದುಂಟು. ಚರಿತ್ರೆ ಅಷ್ಟು ಸರಳವಲ್ಲ. ಪೋರ್ಚುಗಲ್ ಅರಸನಿಗೆ ಸಂದ ಪದ್ರುವಾದೊ ಹಕ್ಕಿನಂತೆ ಈ ಪ್ರದೇಶ ಗೋವೆಯ ಮಹಾಧರ್ಮಾಧ್ಯಕ್ಷರ ಅಧೀನದಲ್ಲಿತ್ತು. 1838ರಲ್ಲಿ ಹದಿನಾರನೆಯ ಗ್ರೆಗೊರಿ ಜಗದ್ಗುರುಗಳ ಆಜ್ಞೆಯಿಂದ ಗೋವೆಯ ಹೊರಗಿನ ಪದ್ರುವಾದೊ ಅಧಿಕಾರಕ್ಕೆ ಕಡಿವಾಣ ಬಿದ್ದಾಗ ಗೋವೆಯ ಗುರುಗಳನ್ನು ಒಪ್ಪುವವರು ಮತ್ತು ರೋಮಿನಿಂದ ನೇಮಕವಾದವರನ್ನು ಒಪ್ಪುವವರು ಎಂಬ ಎರಡು ಪಕ್ಷಗಳಾದವು. ಒಂದೇ ಕುಟುಂಬದವರು ಬೇರೆ ಬೇರೆ ಇಗರ್ಜಿಗೆ ಹೋಗುವ ಪರಿಸ್ಥಿತಿ ಬಂತು.

ಕಾರ್ಮೆಲಿತ್ ಗುರುಗಳ ಕಾಲದಲ್ಲಿ ಮಂಗಳೂರಿನ ಶ್ರೀಸಾಮಾನ್ಯರು ತಮ್ಮ ಮಕ್ಕಳ ಉನ್ನತ ಶಿಕ್ಷಣಕ್ಕಾಗಿ ಯೇಸುಸಭೆಯ ಗುರುಗಳನ್ನು ಕಳುಹಿಸಬೇಕೆಂದು ರೋಮಿಗೆ ಮನವಿ ಸಲ್ಲಿಸಿದರು. 1878ರ ಡಿಸೆಂಬರ್ 31ರಂದು ಯೇಸುಸಭೆಯವರು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. 1886ರಲ್ಲಿ ಮಂಗಳೂರು ಪೂರ್ಣಪ್ರಮಾಣದ ಧರ್ಮಪ್ರಾಂತ್ಯವಾಯಿತು. ಜನರ ಮನವಿ ಫಲ ಕೊಟ್ಟ ಉದಾಹರಣೆ ಇದು.

ಕಹಿಯಾದ ಉದಾಹರಣೆಯೂ ಇದೆ. ಪದ್ರುವಾದೊ ವಿವಾದದ ಮುಂದುವರಿಕೆಯಾಗಿ ಗೋವೆಯ ಗುರು ಆಂತೋನಿಯೊ ಫ್ರಾನ್ಸಿಸ್ಕೊ ಶಾವಿಯೆರ್ ಆಲ್ವಾರಿಸ್ ಅವರು ಕಥೋಲಿಕ ಧರ್ಮಸಭೆಯಿಂದ ಬೇರ್ಪಟ್ಟು 1889ರಲ್ಲಿ ಕೇರಳದ ಮಲಂಕರ ಸಿರಿಯನ್ ಸಭೆಯಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಬಿಷಪ್ ಆಗಿ ಅಭಿಷಿಕ್ತರಾದರು. ಬ್ರಹ್ಮಾವರ ಪರಿಸರದ ಕೆಲವು ಕುಟುಂಬಗಳು ಅವರೊಂದಿಗೆ ಹೋದವು. ಕೊಂಕಣಿ ಮಾತನಾಡುವ ಆರ್ಥೊಡೊಕ್ಸ್ ಸಮುದಾಯ ಇಂದಿಗೂ ಬ್ರಹ್ಮಾವರದಲ್ಲಿದೆ. ಅಧಿಕಾರದ ವಿವಾದ ಸಮಾಧಾನದಿಂದ ಬಗೆಹರಿಯದಿದ್ದರೆ ಅಣ್ಣತಮ್ಮಂದಿರ ಪ್ರಾರ್ಥನೆ ಕೂಡ ತಲೆಮಾರುಗಳವರೆಗೆ ಬೇರೆಯಾಗಿಬಿಡುತ್ತದೆ.

ಮುರಕಲ್ಲು, ಹಂಚು ಮತ್ತು ಚಿತ್ರಕಲೆ

ಇಂದು ನಾವು "ಹಳೆಯ ಇಗರ್ಜಿ" ಎಂದು ಕರೆಯುವ ಹೆಚ್ಚಿನ ಕಟ್ಟಡಗಳು 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಮೊದಲ ಭಾಗದವು. ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಮಂಗಳೂರು ಹಂಚು ಎಲ್ಲೆಡೆ ಹರಡಿತು. ಕಥೋಲಿಕ ಉದ್ಯಮಿಗಳೂ ಕಾರ್ಖಾನೆಗಳನ್ನು ತೆರೆದರು. ಮುಳಿಹುಲ್ಲಿನ ಮಾಡು ಹೋಗಿ ಹಂಚಿನ ಮಾಡು ಬಂತು. ಮುರಕಲ್ಲಿನ ದಪ್ಪ ಗೋಡೆ, ಸುಣ್ಣದ ಗಾರೆ, ಎತ್ತರದ ಮುಖಮಂಟಪ, ಮರದ ಬಲಿಪೀಠ, ಗಂಟೆಗೋಪುರ ಇವು ಒಂದು ಮಾದರಿಯೇ ಆಗಿಬಿಟ್ಟವು. ಜೆಪ್ಪುವಿನ ಸಂತ ಜೋಸೆಫರ ಕಾರ್ಯಾಗಾರದಲ್ಲಿ ತಯಾರಾದ ಪ್ರತಿಮೆ ಮತ್ತು ಬಲಿಪೀಠಗಳು ಜಿಲ್ಲೆಯ ಅನೇಕ ಇಗರ್ಜಿಗಳನ್ನು ಸೇರಿದವು.

ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಚಿತ್ರಗಳನ್ನು ಇಟಲಿಯ ಬೆರ್ಗಮೊ ಬಳಿಯಿಂದ ಬಂದ ಯೇಸುಸಭೆಯ ಸಹೋದರ ಆಂತೋನಿಯೊ ಮೊಸ್ಕೇನಿ 1899ರಿಂದ 1901ರ ಅವಧಿಯಲ್ಲಿ ಬರೆದರು. ರೊಜಾರಿಯೊ ಪ್ರಧಾನಾಲಯದ ಗುಮ್ಮಟವಿರುವ ಈಗಿನ ಕಟ್ಟಡ 20ನೇ ಶತಮಾನದ ಆರಂಭದ್ದು. ಈಗಿನ ಮಿಲಾಗ್ರಿಸ್ ಇಗರ್ಜಿ 1911ರದ್ದು. ಅಂದರೆ ನಮ್ಮ ಪೂರ್ವಜರೂ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಿದವರೇ. ಕೆಡವುವುದೇ ತಪ್ಪು ಎನ್ನಲು ಚರಿತ್ರೆ ಆಧಾರ ಕೊಡುವುದಿಲ್ಲ. ಆದರೆ ಅವರು ಕಟ್ಟಿದ್ದು ನೂರು ವರ್ಷ ಬಾಳಿತು ಎಂಬುದನ್ನೂ ಗಮನಿಸಬೇಕು.

ಇದೇ ಕಾಲದ ಇಬ್ಬರು ಗುರುಗಳನ್ನು ಇಲ್ಲಿ ನೆನೆಯಬೇಕು. ಕುಲಶೇಖರದ ಕೊರ್ಡೆಲ್ ಇಗರ್ಜಿಯನ್ನು 1873ರಲ್ಲಿ ಸ್ಥಾಪಿಸಿದ ಫ್ರಾನ್ಸ್ ದೇಶದ ಕಾರ್ಮೆಲಿತ್ ಗುರು ಅಲೆಕ್ಸಾಂಡರ್ ದುಬುವಾ ಅವರನ್ನು ಜನ ಫ್ರಾದ್ ಸಾಯ್ಬ್ ಎಂದು ಕರೆಯುತ್ತಿದ್ದರು. ಅವರ ಸಮಾಧಿಗೆ ಈಗಲೂ ಭಕ್ತರು ಬರುತ್ತಾರೆ. ಜರ್ಮನಿಯ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದರು. 1890ರಲ್ಲಿ ಕುಷ್ಠರೋಗಿಗಳ ಆಶ್ರಯವನ್ನೂ ಆರಂಭಿಸಿದರು. ಈ ಇಬ್ಬರಿಗೆ ದೊರೆತ ಗೌರವ ಹುದ್ದೆಯಿಂದಷ್ಟೇ ಬಂದುದಲ್ಲ. ಬಡವರ ಬಾಗಿಲಿಗೆ ಹೋಗಿದ್ದರಿಂದ ಬಂದದ್ದು.

ಹಳೆಯ ಧರ್ಮಕೇಂದ್ರದಲ್ಲಿ ಗುರುವಿನ ಸ್ಥಾನ

ಎರಡು ಮೂರು ತಲೆಮಾರುಗಳ ಹಿಂದೆ ಹಳ್ಳಿಯ ಅಥವಾ ಪೇಟೆಯ ಅಂಚಿನ ಧರ್ಮಕೇಂದ್ರದಲ್ಲಿ ವಿಗಾರರು ಅನೇಕ ಕೆಲಸಗಳನ್ನು ಮಾಡುತ್ತಿದ್ದರು. ಅರ್ಜಿ ಬರೆದುಕೊಡುವವರು, ಜಗಳ ಬಿಡಿಸುವವರು, ಶಾಲೆ ನಡೆಸುವವರು, ಮುಂಬಯಿಗೆ ಕೆಲಸ ಹುಡುಕಿ ಹೋಗುವ ಯುವಕನಿಗೆ ಪರಿಚಯ ಪತ್ರ ಕೊಡುವವರು ಅವರೇ. ಅಷ್ಟು ವಿದ್ಯೆ ಮತ್ತು ಸಂಪರ್ಕ ಊರಿನಲ್ಲಿ ಬೇರೆಯವರಿಗೆ ಇರುತ್ತಿದ್ದುದು ಅಪರೂಪ. ಹಾದಿಯಲ್ಲಿ ಪಾದ್ರ್ಯಾಬರು ಎದುರಾದರೆ ಮಕ್ಕಳು ನಿಂತು ಕೈಮುಗಿದು ಬೆಸಾಂವ್ ಬೇಡುತ್ತಿದ್ದರು.

ಅವರಿಗೆ ನೆರವಾಗುತ್ತಿದ್ದವರು ವಾಡೊಗಳ ಗುರ್ಕಾರರು. ಇಗರ್ಜಿಯ ವಿಷಯವನ್ನು ಮನೆಮನೆಗೆ ಮುಟ್ಟಿಸುವುದು, ವಂತಿಗೆ ಸಂಗ್ರಹಿಸುವುದು, ಮರಣ ಸಂಭವಿಸಿದಲ್ಲಿ ಜನ ಕೂಡಿಸುವುದು ಇವರ ಕೆಲಸ. ಹಬ್ಬದ ಖರ್ಚು ಹೊರುತ್ತಿದ್ದ ಅನುಕೂಲಸ್ಥ ಮನೆತನಗಳಿಗೆ ಇಗರ್ಜಿಯಲ್ಲಿ ವಿಶೇಷ ಮನ್ನಣೆ ಇತ್ತು. ಒಕ್ಕಲುಗಳ ಮತ್ತು ಕೂಲಿಯವರ ಮಾತಿಗೆ ಅಷ್ಟು ಬೆಲೆ ಇರಲಿಲ್ಲ. ಹಳೆಯ ಕಾಲದ ಗೌರವವನ್ನು ಹೊಗಳುವಾಗ ಇದನ್ನೂ ಹೇಳದಿದ್ದರೆ ಚಿತ್ರ ಪೂರ್ಣವಾಗದು. ಆ ಗೌರವದಲ್ಲಿ ಪ್ರೀತಿಯೂ ಇತ್ತು, ಭಯವೂ ಇತ್ತು.

ಬಲಿಪೀಠ ಜನರತ್ತ ತಿರುಗಿದಾಗ

ದ್ವಿತೀಯ ವ್ಯಾಟಿಕನ್ ಮಹಾಸಭೆ 1962ರಿಂದ 1965ರವರೆಗೆ ನಡೆಯಿತು. ದೈವಾರಾಧನೆಯ ಕುರಿತ ಅದರ ದಾಖಲೆ 1963ರ ಡಿಸೆಂಬರ್ 4ರಂದು ಹೊರಬಂತು. ಗುರುಗಳು ಜನರಿಗೆ ಮುಖಮಾಡಿ ಬಲಿಪೂಜೆ ಅರ್ಪಿಸಬೇಕೆಂದು ಮಹಾಸಭೆಯೇ ಆಜ್ಞಾಪಿಸಿತು ಎಂದು ಹಲವರು ತಿಳಿದಿದ್ದಾರೆ. ಆ ದಾಖಲೆಯಲ್ಲಿ ಹಾಗೆ ಇಲ್ಲ. ಪ್ರಧಾನ ಬಲಿಪೀಠವು ಗೋಡೆಯಿಂದ ಬೇರೆಯಾಗಿದ್ದು ಅದರ ಸುತ್ತ ಬರಲು ಮತ್ತು ಜನರಿಗೆ ಮುಖಮಾಡಿ ಅರ್ಪಿಸಲು ಅನುಕೂಲವಿರುವುದು ಒಳ್ಳೆಯದು ಎಂಬ ಸೂಚನೆ 1964ರ ಸೆಪ್ಟೆಂಬರ್ 26ರ ನಿರ್ದೇಶನದಲ್ಲಿ ಬಂತು. 1969ರಲ್ಲಿ ಪರಿಷ್ಕೃತ ಪೂಜಾವಿಧಿ ಜಾರಿಗೆ ಬಂತು. ಲತೀನ್ ಬದಲಿಗೆ ಕೊಂಕಣಿ ಮತ್ತು ಕನ್ನಡ ಬಂತು.

ಇದರಿಂದ ಕಟ್ಟಡದ ಒಳಗೆ ದೊಡ್ಡ ಬದಲಾವಣೆಯಾಯಿತು. ಹಲವೆಡೆ ಪರಮಪ್ರಸಾದದ ಕಟಕಟೆ ತೆಗೆಯಲಾಯಿತು. ಗೋಡೆಗೆ ತಾಗಿದ ಎತ್ತರದ ಪ್ರವಚನ ಪೀಠ ಬಳಕೆ ತಪ್ಪಿತು. ನೆಲದ ಮೇಲೆ ಕುಳಿತುಕೊಳ್ಳುತ್ತಿದ್ದಲ್ಲಿ ಬೆಂಚುಗಳು ಬಂದವು. ಶ್ರೀಸಾಮಾನ್ಯರು, ಅದರಲ್ಲೂ ಮಹಿಳೆಯರು, ವಾಚನ ಮಾಡಲು ಬಲಿಪೀಠದ ಬಳಿಗೆ ಬಂದರು.

ಗುರುಗಳ ಬಗೆಗಿನ ದೃಷ್ಟಿಯೂ ಬದಲಾಯಿತು. ಬೆನ್ನು ಮಾತ್ರ ಕಾಣುತ್ತಿದ್ದ ಗುರುಗಳ ಮುಖ ಕಾಣತೊಡಗಿತು. ಪೂಜೆಯ ಮಾತು ಅರ್ಥವಾದ ಮೇಲೆ ಪ್ರವಚನವನ್ನು ಜನ ತೂಗಿನೋಡಲಾರಂಭಿಸಿದರು. 1965ರ ಡಿಸೆಂಬರ್ 7ರಂದು ಪ್ರಕಟವಾದ ಗುರುಗಳ ಜೀವನ ಮತ್ತು ಸೇವೆ ಕುರಿತ ದಾಖಲೆಯು ಗುರುಗಳು ಶ್ರೀಸಾಮಾನ್ಯರ ಮಾತಿಗೆ ಮನಸ್ಸಿಟ್ಟು ಕಿವಿಗೊಡಬೇಕು, ಅವರ ಅನುಭವವನ್ನು ಗುರುತಿಸಬೇಕು ಎಂದು ಕಲಿಸುತ್ತದೆ. ಅಂದರೆ ಗುರುಗಳ ಜೊತೆ ಮಾತನಾಡುವ ಧೈರ್ಯವನ್ನು ಜನರಿಗೆ ಕೊಟ್ಟದ್ದು ಧರ್ಮಸಭೆಯೇ.

ನಗರ ಬೆಳೆದ ಬಗೆ

1907ರಲ್ಲಿ ರೈಲು, 1951ರಲ್ಲಿ ಬಜಪೆ ವಿಮಾನ ನಿಲ್ದಾಣ, 1975ರಲ್ಲಿ ಉದ್ಘಾಟನೆಯಾದ ಪಣಂಬೂರಿನ ನವಮಂಗಳೂರು ಬಂದರು, ನಂತರ ಗೊಬ್ಬರದ ಕಾರ್ಖಾನೆ ಮತ್ತು ತೈಲ ಶುದ್ಧೀಕರಣಾಗಾರ, ಜೊತೆಗೆ ವೈದ್ಯಕೀಯ ಮತ್ತು ತಾಂತ್ರಿಕ ಕಾಲೇಜುಗಳು ಮಂಗಳೂರನ್ನು ದೊಡ್ಡ ನಗರವನ್ನಾಗಿ ಮಾಡಿದವು. 1980ರಲ್ಲಿ ಅದು ಮಹಾನಗರಪಾಲಿಕೆಯಾಯಿತು. ತೋಟ, ಗದ್ದೆಗಳಿದ್ದಲ್ಲಿ ವಸತಿ ಸಮುಚ್ಚಯಗಳು ಬಂದವು. ಹಳ್ಳಿಗಳಿಂದ ನಗರಕ್ಕೆ ಬಂದ ಕುಟುಂಬಗಳು, ನಿವೃತ್ತರಾಗಿ ಮುಂಬಯಿಯಿಂದ ಮರಳಿದವರು, ಕೊಲ್ಲಿ ರಾಷ್ಟ್ರಗಳ ಸಂಪಾದನೆಯಿಂದ ಮನೆ ಕಟ್ಟಿಕೊಂಡವರು ನಗರದ ಧರ್ಮಕೇಂದ್ರಗಳನ್ನು ತುಂಬಿದರು. ಭಾನುವಾರ ಒಂದೆರಡು ಪೂಜೆ ಸಾಲದಾಯಿತು. ಉತ್ತರ ಕರ್ನಾಟಕದಿಂದ ಕೆಲಸಕ್ಕಾಗಿ ಬಂದವರಿಗೆ ಕನ್ನಡ ಪೂಜೆ, ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಪೂಜೆ ಬೇಕಾಯಿತು.

ಕೊಲ್ಲಿಯ ಹಣ ಕಟ್ಟಡಗಳ ರೂಪವನ್ನೂ ಬದಲಿಸಿತು. ಕಂಬಗಳಿಲ್ಲದ ವಿಶಾಲ ಸಭಾಂಗಣ, ಗ್ರಾನೈಟ್ ನೆಲ, ಬಣ್ಣದ ಗಾಜು, ಧ್ವನಿವರ್ಧಕ, ವಾಹನ ನಿಲುಗಡೆ, ಮದುವೆಗೆ ಸಭಾಭವನ ಬಂದವು. ದಾನಿಗಳ ಹೆಸರಿನ ಫಲಕಗಳೂ ಬಂದವು. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಆರಾಧನಾ ಮಠ ಹಾಗೂ ಇತರ ಪ್ರಾರ್ಥನಾಲಯಗಳ ಮೇಲೆ ನಡೆದ ದಾಳಿಯ ನಂತರ ಆವರಣ ಗೋಡೆ, ಗೇಟು, ಕಾವಲುಗಾರ, ಕ್ಯಾಮೆರಾ ಎಂಬ ಮಾತುಗಳು ಪರಿಷದ್ ಸಭೆಗಳಲ್ಲಿ ಸೇರಿಕೊಂಡವು. ಹಗಲು ಯಾವಾಗ ಬೇಕಾದರೂ ತೆರೆದಿರುತ್ತಿದ್ದ ಬಾಗಿಲಿಗೆ ಬೀಗ ಬಂದಿರುವುದು ಈ ಬದಲಾವಣೆಗಳಲ್ಲಿ ದುಃಖದ ಭಾಗ.

ಕೆಡವಬೇಕೇ, ಉಳಿಸಬೇಕೇ?

ಹಳೆಯ ಇಗರ್ಜಿಯನ್ನು ಕೆಡವಲು ಸಾಮಾನ್ಯವಾಗಿ ಕೊಡುವ ಕಾರಣಗಳು ಮೂರು: ಜಾಗ ಸಾಲದು, ಮಾಡು ಸೋರುತ್ತದೆ, ಗೋಡೆ ತೇವ ಹಿಡಿದಿದೆ. ಮೊದಲನೆಯದು ನಿಜವಾದ ಕಾರಣ ಇರಬಹುದು. ಉಳಿದ ಎರಡನ್ನು ತಜ್ಞರಿಂದ ಪರೀಕ್ಷಿಸಬೇಕು.

ಮುರಕಲ್ಲು ಸಣ್ಣ ರಂಧ್ರಗಳಿರುವ ಕಲ್ಲು. ಅದು ಮಳೆಗಾಲದಲ್ಲಿ ನೀರು ಹೀರಿ ಬೇಸಗೆಯಲ್ಲಿ ಬಿಟ್ಟುಕೊಡುತ್ತದೆ. ಸುಣ್ಣದ ಗಾರೆ ಇದಕ್ಕೆ ಅಡ್ಡಿ ಮಾಡುವುದಿಲ್ಲ. ದುರಸ್ತಿಯ ಹೆಸರಿನಲ್ಲಿ ಅದನ್ನು ಕೆತ್ತಿ ಸಿಮೆಂಟ್ ಗಾರೆ ಬಳಿದು ಮೇಲೆ ಎಣ್ಣೆಬಣ್ಣ ಹಚ್ಚಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ, ಗೋಡೆ ಉಬ್ಬಿ ಉದುರುತ್ತದೆ. ಕಟ್ಟಡ "ಹಾಳಾಗಿದೆ" ಎಂದು ಕಾಣುವುದು ಎಷ್ಟೋ ವೇಳೆ ಈ ತಪ್ಪು ದುರಸ್ತಿಯಿಂದ. ಮಾಡಿನ ವಿಷಯದಲ್ಲಿ ಒಡೆದ ಹಂಚು ಮತ್ತು ಗೆದ್ದಲು ತಿಂದ ಪಕಾಸುಗಳನ್ನು ಪ್ರತಿ ಬೇಸಗೆಯಲ್ಲಿ ಬದಲಿಸಿದರೆ ಮರದ ಚೌಕಟ್ಟು ಬಹುಕಾಲ ಬಾಳುತ್ತದೆ.

ಕಾಂಕ್ರೀಟಿಗೂ ತನ್ನದೇ ಸಮಸ್ಯೆಗಳಿವೆ. ಕರಾವಳಿಯ ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದಾಗ ಕಾಂಕ್ರೀಟ್ ಬಿರುಕು ಬಿಡುತ್ತದೆ. ಸಮತಟ್ಟು ತಾರಸಿ ನಮ್ಮ ಮಳೆಗೆ ಹೇಳಿಸಿದ್ದಲ್ಲ. ಕೊನೆಗೆ ಅದರ ಮೇಲೆ ಶೀಟಿನ ಮಾಡು ಹಾಕಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಬೇಸಗೆಯ ಸೆಕೆಗೆ ಫ್ಯಾನು, ನಂತರ ಹವಾನಿಯಂತ್ರಣ, ಅದರ ವಿದ್ಯುತ್ ಬಿಲ್ಲು ಎಂದು ಖರ್ಚು ಮುಂದುವರಿಯುತ್ತದೆ.

ಧರ್ಮಸಭೆಯ ಕಾನೂನು ಏನು ಹೇಳುತ್ತದೆ?

1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಮುಖ್ಯ ವಿಧಿಗಳು ಹೀಗಿವೆ. ಇವುಗಳನ್ನು ಧರ್ಮಗುರುಗಳೂ ಪರಿಷದ್ ಸದಸ್ಯರೂ ಒಟ್ಟಿಗೆ ಓದುವುದು ಒಳ್ಳೆಯದು.

1. ಧರ್ಮಾಧ್ಯಕ್ಷರ ಲಿಖಿತ ಒಪ್ಪಿಗೆಯಿಲ್ಲದೆ ಹೊಸ ಇಗರ್ಜಿ ಕಟ್ಟುವಂತಿಲ್ಲ. ಒಪ್ಪಿಗೆ ಕೊಡುವ ಮೊದಲು ಅವರು ಗುರುಗಳ ಮಂಡಳಿ ಹಾಗೂ ನೆರೆಯ ಇಗರ್ಜಿಗಳ ಮುಖ್ಯಸ್ಥರ ಅಭಿಪ್ರಾಯ ಕೇಳಬೇಕು (ವಿಧಿ 1215).

2. ಇಗರ್ಜಿ ಕಟ್ಟುವಾಗಲೂ ದುರಸ್ತಿ ಮಾಡುವಾಗಲೂ ತಜ್ಞರ ಸಲಹೆ ಪಡೆಯಬೇಕು. ದೈವಾರಾಧನೆ ಮತ್ತು ಪವಿತ್ರ ಕಲೆಯ ನಿಯಮಗಳನ್ನು ಪಾಲಿಸಬೇಕು (ವಿಧಿ 1216).

3. ಪ್ರಾಚೀನತೆ, ಕಲೆ ಅಥವಾ ಭಕ್ತಿಯ ದೃಷ್ಟಿಯಿಂದ ಅಮೂಲ್ಯವಾದ ಪ್ರತಿಮೆಗಳನ್ನು ಲಿಖಿತ ಅನುಮತಿಯಿಲ್ಲದೆ ದುರಸ್ತಿ ಮಾಡಬಾರದು (ವಿಧಿ 1189). ಹಬ್ಬದ ಮುನ್ನಾದಿನ ಹಳೆಯ ಮರದ ಪ್ರತಿಮೆಗೆ ಹೊಳೆಯುವ ಬಣ್ಣ ಬಳಿಸುವ ರೂಢಿ ಇರುವಲ್ಲಿ ಇದನ್ನು ನೆನಪಿಡಬೇಕು.

4. ಪ್ರತಿ ಧರ್ಮಕೇಂದ್ರಕ್ಕೆ ಹಣಕಾಸು ಸಮಿತಿ ಇರಲೇಬೇಕು (ವಿಧಿ 537). ಪಾಲನಾ ಪರಿಷದ್ ಧರ್ಮಗುರುಗಳ ಅಧ್ಯಕ್ಷತೆಯಲ್ಲಿ ನಡೆಯುತ್ತದೆ, ಅದರ ಅಧಿಕಾರ ಸಲಹೆ ನೀಡುವುದು (ವಿಧಿ 536).

5. ನಿರ್ದಿಷ್ಟ ಉದ್ದೇಶಕ್ಕಾಗಿ ಕೊಟ್ಟ ಕಾಣಿಕೆಯನ್ನು ಅದೇ ಉದ್ದೇಶಕ್ಕೆ ಮಾತ್ರ ಬಳಸಬೇಕು (ವಿಧಿ 1267). ವಿಶ್ವಾಸಿಗಳು ಕೊಟ್ಟ ಹಣ, ಆಸ್ತಿಗಳ ಲೆಕ್ಕವನ್ನು ಸ್ಥಳೀಯ ನಿಯಮದಂತೆ ವಿಶ್ವಾಸಿಗಳಿಗೆ ಒಪ್ಪಿಸಬೇಕು (ವಿಧಿ 1287).

6. ಧರ್ಮಸಭೆಯ ಒಳಿತಿಗೆ ಸಂಬಂಧಿಸಿದ ವಿಷಯಗಳಲ್ಲಿ ತಮ್ಮ ಅಭಿಪ್ರಾಯವನ್ನು ಗುರುಗಳಿಗೆ ತಿಳಿಸುವ ಹಕ್ಕು, ಕೆಲವೊಮ್ಮೆ ಕರ್ತವ್ಯವೂ, ವಿಶ್ವಾಸಿಗಳಿಗಿದೆ. ಅದನ್ನು ಗುರುಗಳ ಬಗ್ಗೆ ಗೌರವವಿಟ್ಟು ಮಾಡಬೇಕು (ವಿಧಿ 212).

7. ಧರ್ಮಗುರುಗಳು ತಮ್ಮ ಜನರನ್ನು ತಿಳಿದುಕೊಳ್ಳಲು ಮನೆಗಳಿಗೆ ಭೇಟಿ ಕೊಡಬೇಕು. ಬಡವರು, ರೋಗಿಗಳು, ಒಂಟಿಯಾದವರನ್ನು ವಿಶೇಷವಾಗಿ ಹುಡುಕಿಕೊಂಡು ಹೋಗಬೇಕು (ವಿಧಿ 529).

ಲೆಕ್ಕ ಕೇಳುವುದು ಅಗೌರವ ಎಂಬ ಮಾತಿಗೂ, ಪರಿಷದ್ ಹೇಳಿದಂತೆಯೇ ಧರ್ಮಗುರುಗಳು ಕೇಳಬೇಕು ಎಂಬ ಮಾತಿಗೂ ಈ ವಿಧಿಗಳಲ್ಲಿ ಆಧಾರವಿಲ್ಲ.

ಗೌರವ ಕಡಿಮೆಯಾಗಿದೆಯೇ?

ಬದಲಾವಣೆ ಆಗಿರುವುದು ನಿಜ. ಇಂದು ಪ್ರತಿ ಧರ್ಮಕೇಂದ್ರದಲ್ಲಿ ವೈದ್ಯರು, ಎಂಜಿನಿಯರರು, ಲೆಕ್ಕಪರಿಶೋಧಕರು, ಶಿಕ್ಷಕಿಯರು ಇದ್ದಾರೆ. ಅರ್ಜಿ ಬರೆಸಲು ಯಾರೂ ಗುರುಗಳ ಬಳಿಗೆ ಹೋಗಬೇಕಾಗಿಲ್ಲ. ಬೇರೆ ಇಗರ್ಜಿಯ ಪ್ರವಚನ ಮೊಬೈಲಿನಲ್ಲೇ ಸಿಗುತ್ತದೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಇಗರ್ಜಿಗಳು ಮುಚ್ಚಿದಾಗ ಜನ ತಿಂಗಳುಗಟ್ಟಲೆ ಪರದೆಯ ಮೇಲೆ ಪೂಜೆ ನೋಡಿದರು. ಬಾಗಿಲು ತೆರೆದ ಮೇಲೂ ಎಲ್ಲರೂ ಮರಳಲಿಲ್ಲ ಎಂಬ ಕೊರಗು ಹಲವು ಗುರುಗಳಿಗಿದೆ.

ಗುರುಗಳ ಬದುಕೂ ಬದಲಾಗಿದೆ. ನಗರದ ವಿಗಾರರು ಶಾಲೆಯ ಸಂಚಾಲಕರು, ಕಟ್ಟಡದ ಮೇಲ್ವಿಚಾರಕರು, ಬಾಡಿಗೆ ವಸೂಲು ಮಾಡುವವರು ಎಲ್ಲವೂ ಆಗಿರುತ್ತಾರೆ. ಕೆಲವು ವರ್ಷಗಳಿಗೆ ವರ್ಗಾವಣೆ ಆಗುತ್ತದೆ. ಸಾವಿರಾರು ಜನರ ಧರ್ಮಕೇಂದ್ರದಲ್ಲಿ ಹೆಸರು ತಿಳಿಯುವ ಹೊತ್ತಿಗೆ ಹೊರಡುವ ಸಮಯ ಬಂದಿರುತ್ತದೆ. ಕುಟುಂಬಗಳು ಚಿಕ್ಕದಾಗಿ ಗುರುದೀಕ್ಷೆಗೆ ಮುಂದೆ ಬರುವ ಹುಡುಗರು ವಿರಳರಾಗಿದ್ದಾರೆ. ಇರುವ ಗುರುಗಳ ಮೇಲೆ ಹೊರೆ ಹೆಚ್ಚಿದೆ. ದೊಡ್ಡ ಪಾದ್ರಿಮನೆಯಲ್ಲಿ ರಾತ್ರಿ ಒಬ್ಬರೇ ಊಟಕ್ಕೆ ಕೂರುವ ಗುರುಗಳ ಒಂಟಿತನವನ್ನು ಟೀಕಿಸುವವರು ಸಾಮಾನ್ಯವಾಗಿ ಯೋಚಿಸುವುದಿಲ್ಲ.

ಇನ್ನೊಂದು ಕಡೆ, ಪ್ರಪಂಚದ ಹಲವೆಡೆ ಗುರುಗಳಿಂದ ಮಕ್ಕಳ ಮೇಲೆ ನಡೆದ ದೌರ್ಜನ್ಯಗಳು ಬಯಲಾದದ್ದು ನಂಬಿಕೆಗೆ ಪೆಟ್ಟು ಕೊಟ್ಟಿದೆ. ಜಗದ್ಗುರು ಫ್ರಾನ್ಸಿಸ್ ಅವರು 2018ರ ಆಗಸ್ಟ್ 20ರಂದು ದೇವಜನರಿಗೆ ಬರೆದ ಪತ್ರದಲ್ಲಿ, ಗುರುಗಳನ್ನು ಪ್ರಶ್ನಾತೀತರನ್ನಾಗಿ ಮಾಡುವ ಮನೋಭಾವ ಇಂತಹ ಕೆಡುಕಿಗೆ ಆಸರೆಯಾಗುತ್ತದೆ ಎಂದು ಎಚ್ಚರಿಸಿದರು. ಆ ಮನೋಭಾವವನ್ನು ಗುರುಗಳೂ ಬೆಳೆಸಬಹುದು, ಶ್ರೀಸಾಮಾನ್ಯರೂ ಬೆಳೆಸಬಹುದು ಎಂದೂ ಹೇಳಿದರು. 2021ರಿಂದ 2024ರವರೆಗೆ ನಡೆದ ಸಿನೊದ್ ಪ್ರಕ್ರಿಯೆಯೂ ಒಟ್ಟಾಗಿ ನಡೆಯುವುದನ್ನೇ ಒತ್ತಿ ಹೇಳಿತು.

ಇವೆಲ್ಲದರ ನಡುವೆಯೂ ಮರಣಶಯ್ಯೆಯಲ್ಲಿ ಇರುವವರ ಮನೆಯಿಂದ ನಡುರಾತ್ರಿ ಮೊದಲ ಕರೆ ಹೋಗುವುದು ಪಾದ್ರಿಮನೆಗೇ. ಹೊಸ ಮನೆಯ ಆಶೀರ್ವಾದಕ್ಕೆ, ಮಗುವಿನ ಜ್ಞಾನಸ್ನಾನಕ್ಕೆ, ಕುಡಿತಕ್ಕೆ ಬಿದ್ದ ಮಗನಿಗೆ ಬುದ್ಧಿ ಹೇಳಿಸಲು ಜನ ಈಗಲೂ ಗುರುಗಳನ್ನೇ ಕರೆಯುತ್ತಾರೆ. ಭಯದಿಂದ ಬರುತ್ತಿದ್ದ ಗೌರವ ಕಡಿಮೆಯಾಗಿದೆ. ನಂಬಿಕೆಯಿಂದ ಬರುವ ಗೌರವಕ್ಕೆ ಇನ್ನೂ ಸ್ಥಳವಿದೆ, ಆದರೆ ಅದನ್ನು ಪ್ರತಿಯೊಬ್ಬ ಗುರುವೂ ಗಳಿಸಬೇಕು, ಪ್ರತಿ ಧರ್ಮಕೇಂದ್ರವೂ ಕಾಪಾಡಬೇಕು.

ಹೊಸ ಇಗರ್ಜಿಯ ಯೋಚನೆ ಇರುವಲ್ಲಿ

ಕಟ್ಟಡದ ಕೆಲಸವೇ ಈ ನಂಬಿಕೆಯ ದೊಡ್ಡ ಪರೀಕ್ಷೆ. ಮೊದಲೇ ತೀರ್ಮಾನ ಮಾಡಿಕೊಂಡು ನಂತರ ಸ್ಫೂರ್ತಿ ತುಂಬಲು ಸಭೆ ಕರೆದರೆ ಜನ ಹಣ ಕೊಡಬಹುದು, ಮನಸ್ಸು ಕೊಡುವುದಿಲ್ಲ. ಅದರ ಬದಲಿಗೆ ಕಟ್ಟಡದ ಸ್ಥಿತಿಯ ಬಗ್ಗೆ ತಜ್ಞರ ವರದಿಯನ್ನು ವಾಳೆವಾಳೆಗಳಲ್ಲಿ ಓದಿ ಹೇಳಬೇಕು. ದುರಸ್ತಿ, ವಿಸ್ತರಣೆ, ಹೊಸ ಕಟ್ಟಡ ಈ ಮೂರರ ಅಂದಾಜು ವೆಚ್ಚವನ್ನೂ ಮುಂದಿಡಬೇಕು. ಬಡ ಕುಟುಂಬಕ್ಕೆ ಹೊರೆಯಾಗುವಂತೆ ಸಮಾನ ವಂತಿಗೆ ಹೇರಬಾರದು. ಕೊಡಲಾರದವರ ಹೆಸರು ಪ್ರಕಟಿಸಬಾರದು. ಕೆಲಸ ನಡೆಯುವಾಗ ಆದಾಯ ಖರ್ಚಿನ ಪಟ್ಟಿಯನ್ನು ನಿಯಮಿತವಾಗಿ ಇಗರ್ಜಿಯ ಫಲಕದಲ್ಲಿ ಹಾಕಬೇಕು. ಹಳೆಯ ಬಲಿಪೀಠ, ಗಂಟೆ, ಸಮಾಧಿ ಕಲ್ಲುಗಳ ಪಟ್ಟಿ ಮತ್ತು ಛಾಯಾಚಿತ್ರಗಳನ್ನು ಮೊದಲೇ ತೆಗೆದಿಡಬೇಕು. ವಿಗಾರರು ವರ್ಗವಾದರೂ ಸಾಲ ಧರ್ಮಕೇಂದ್ರದ ಮೇಲೆ ಉಳಿಯುತ್ತದೆ, ಆದ್ದರಿಂದ ಸಾಲದ ನಿರ್ಧಾರ ಹಣಕಾಸು ಸಮಿತಿಯ ದಾಖಲೆಯಲ್ಲಿ ಸ್ಪಷ್ಟವಾಗಿರಬೇಕು.

ಇವನ್ನು ಪಾಲಿಸಿದಲ್ಲಿ ಟೀಕೆ ಪೂರ್ತಿ ನಿಲ್ಲುತ್ತದೆ ಎಂದಲ್ಲ. ಆದರೆ ಟೀಕೆಗೆ ಉತ್ತರ ಕೊಡಲು ಧರ್ಮಗುರುಗಳು ಒಬ್ಬರೇ ನಿಲ್ಲಬೇಕಾಗುವುದಿಲ್ಲ. ಪರಿಷದ್‌ನ ಉಪಾಧ್ಯಕ್ಷರು, ಕಾರ್ಯದರ್ಶಿಗಳು, ಗುರ್ಕಾರರು ಜೊತೆಗೆ ನಿಲ್ಲುತ್ತಾರೆ.

1799ರಲ್ಲಿ ಮರಳಿ ಬಂದ ನಮ್ಮ ಹಿರಿಯರ ಬಳಿ ಕಟ್ಟಡ ಇರಲಿಲ್ಲ, ಸಮುದಾಯ ಇತ್ತು. ಇಂದು ನಮ್ಮಲ್ಲಿ ಸುಂದರವಾದ ಕಟ್ಟಡಗಳಿವೆ. ಅವುಗಳ ಬೆಂಚುಗಳಲ್ಲಿ ಪಕ್ಕಪಕ್ಕ ಕುಳಿತವರು ಪರಸ್ಪರ ಹೆಸರು ತಿಳಿದಿರುವುದು, ಬಲಿಪೀಠದಲ್ಲಿ ನಿಂತ ಗುರುಗಳಿಗೆ ಅವರ ಮನೆಯ ದಾರಿ ಗೊತ್ತಿರುವುದು ಇವು ಇನ್ನು ಆಗಬೇಕಾದ ಕೆಲಸಗಳು. ಮುಂದಿನ ಪರಿಷದ್ ಸಭೆಯಲ್ಲಿ ಕಟ್ಟಡದ ವರದಿಯ ಜೊತೆಗೆ, ಈ ವರ್ಷ ಗುರುಗಳೂ ಸದಸ್ಯರೂ ಎಷ್ಟು ಮನೆಗಳಿಗೆ ಭೇಟಿ ಕೊಟ್ಟರು ಎಂಬುದನ್ನೂ ಓದಿ ಹೇಳಿದರೆ ಅದು ಒಳ್ಳೆಯ ಆರಂಭ.